ಲಾತ್ಯೂದ್ ಕಾಗದಗಳು ಅಂತೂ ಮುಗಿದ್ವು, ಎಲ್ಲರಿಗೂ ಥ್ಯಾಂಕ್ಸ್

ನಿನ್ನೆ ರಾತ್ರಿ ಕೊನೇ ಪುಟ ಮುಗಿಸ್ದೆ. ಎರಡು ವರ್ಷದಿಂದ ಲಾತ್ಯೂದ್ ಅನ್ನೋ ಫ್ರೆಂಚ್ ಖೈದಿ ಬರೆದ ಕಾಗದ, ಮನವಿಗಳನ್ನ ಕನ್ನಡಕ್ಕೆ ತರ್ತಾ ಇದ್ದೆ, ಮಧ್ಯದಲ್ಲಿ ಬಲಗೈ ಮುರ್ಕೊಂಡು ನಾಲ್ಕು ತಿಂಗಳು ಸುಮ್ನೆ ಕೂತಿದ್ದೂ ಸೇರಿ.

ಈ ಪುಣ್ಯಾತ್ಮ 1749ರಲ್ಲಿ ರಾಜನ ಪ್ರೇಯಸಿ ಮದಾಂ ದ ಪಾಂಪದೂರ್‌ಗೆ ತಾನೇ ಒಂದು ಪುಡಿ ಡಬ್ಬಿ ಕಳ್ಸಿ, ತಾನೇ ಓಡೋಗಿ ನಿಮ್ಮನ್ನ ಕೊಲ್ಲೋಕೆ ಸಂಚು ನಡೀತಿದೆ ಅಂತ ಹೇಳ್ದ, ಏನಾದ್ರೂ ಇನಾಮು ಸಿಗ್ಬೋದು ಅನ್ನೋ ಆಸೆಗೆ. ಸಿಕ್ಕಿದ್ದು ಬಾಸ್ತೀಲ್ ಕೋಟೆಯ ಜೈಲು! ವಿಚಾರಣೆನೂ ಇಲ್ಲ ತೀರ್ಪೂ ಇಲ್ಲ, ರಾಜಮುದ್ರೆ ಒತ್ತಿದ ಒಂದು ಕಾಗದ ಅಷ್ಟೇ. ತಪ್ಪಿಸ್ಕೊಂಡ, ಸಿಕ್ಕಿಬಿದ್ದ, ಮತ್ತೆ ತಪ್ಪಿಸ್ಕೊಂಡ (1756ರಲ್ಲಿ ಬಟ್ಟೆಯ ನೂಲು ಬಿಚ್ಚಿ ಹಗ್ಗ ಹೊಸೆದು, ಸೌದೆ ಕೆತ್ತಿ ಮೆಟ್ಲು ಮಾಡಿ ಇಳಿದ ಏಣಿ ಈಗ್ಲೂ ಪ್ಯಾರಿಸ್ ಮ್ಯೂಸಿಯಂನಲ್ಲಿದೆ), ಹೀಗೇ ಜೈಲಲ್ಲಿ ಕಳೆದಿದ್ದು ಹತ್ರ ಹತ್ರ 35 ವರ್ಷ.

ಮೊದಲ ಥ್ಯಾಂಕ್ಸ್ ನನ್ನ ಅಕ್ಕನ ಮಗಳಿಗೆ. ಕೈಗೆ ಪ್ಲಾಸ್ಟರ್ ಇದ್ದಾಗ ನಾನು ಹೇಳಿದ್ದನ್ನ ಅವಳೇ ಟೈಪ್ ಮಾಡಿದ್ದು. ಲಾತ್ಯೂದ್ ಒಂದು ಕಡೆ, ಬರೆಯೋಕೆ ಕಾಗದ ಕೊಡ್ದೇ ಇದ್ದಾಗ ಬ್ರೆಡ್ ಅಗಿದು ತಟ್ಟಿ ಹಲಗೆ ಮಾಡಿ, ಮೀನಿನ ಮುಳ್ಳನ್ನ ರಕ್ತದಲ್ಲಿ ಅದ್ದಿ ಬರೆದೆ ಅಂತಾನಲ್ಲ, ಅಲ್ಲಿಗೆ ಕೈ ನಿಲ್ಸಿ "ಮಾವ, ಇವ್ನು ಸ್ವಲ್ಪ ರೀಲ್ ಬಿಡ್ತಾನೆ ಅಲ್ವಾ" ಅಂದ್ಳು. ಬಿಡ್ತಾನೆ, ನಿಜ. ಇಲ್ದೇ ಇರೋ ಪದವಿಯನ್ನೂ ಹೆಸರಿಗೆ ಅಂಟಿಸ್ಕೊಂಡಿದ್ದ. ಆದ್ರೆ ಬಟ್ಟೆ ಮೇಲೆ ರಕ್ತದಲ್ಲಿ ಬರೆದ ಕಾಗದ ನಿಜವಾಗ್ಲೂ ಉಳ್ಕೊಂಡಿದೆ ಪುಟ್ಟಿ.

ಫ್ರೆಂಚ್ ಮೇಷ್ಟ್ರಿಗೆ ಏನು ಹೇಳ್ಲಿ, ಹಳೇ ಅಚ್ಚಲ್ಲಿ ಎಸ್ ಅಕ್ಷರ ಎಫ್ ಥರಾನೇ ಕಾಣುತ್ತೆ, ನಾನು ತಪ್ಪು ಓದಿ ಮಾಡಿದ ಎಡವಟ್ಟನ್ನೆಲ್ಲ ಬೈದು ಬೈದು ತಿದ್ದಿದ್ರು, ಸರ್ ನಿಮ್ಮ ಬೈಗುಳ ಇಲ್ದೇ ಇದು ಆಗ್ತಿರ್ಲಿಲ್ಲ.

ಆಮೇಲೆ ಅಮ್ಮ. ದಿನಾ ರಾತ್ರಿ ಊಟ ಆದ್ಮೇಲೆ ಅವ್ರಿಗೆ ಓದಿ ಹೇಳ್ತಿದ್ದೆ. ಸೂಜಿ ದಾರ ಮಾರೋ ಮದಾಂ ಲೆಗ್ರೋಗೆ 1781ರಲ್ಲಿ ಇವನ ಮನವಿ ಬೀದಿಲಿ ಬಿದ್ದಿದ್ದು ಸಿಕ್ತು, ಗುರುತಿಲ್ಲ ಪರಿಚಯ ಇಲ್ಲ, ಮೂರು ವರ್ಷ ದೊಡ್ಡೋರ ಮನೆ ಬಾಗಿಲು ತಟ್ಟಿ ತಟ್ಟಿ 1784ರಲ್ಲಿ ಬಿಡಿಸ್ಕೊಂಡು ಬಂದ್ಳು. ಅಮ್ಮ ಎಲೆ ಅಡಿಕೆ ಹಾಕ್ಕೊಳ್ತಾ ಕೇಳಿದ್ದು ಒಂದೇ, "ಅವಳ ಗಂಡ ಏನೂ ಅನ್ಲಿಲ್ವೇನೋ?"

ಇಲ್ಲಮ್ಮ, ಅವನೂ ಜೊತೆಗೇ ಓಡಾಡ್ದ ಅಂದೆ.

"ಸದ್ಯ" ಅಂದ್ರು.