ದಿಂಬಿನ ಪಕ್ಕ ಯಾವ ಪುಸ್ತಕ ಇದೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ನಮ್ಮ ಕನ್ನಡ ಕೂಟದ ಈ ಸಂಚಿಕೆಯಲ್ಲಿ ನಿಮ್ಮನ್ನು ಒಂದು ಮಾತು ಕೇಳಬೇಕು. ಈಗ ಏನು ಓದುತ್ತಿದ್ದೀರಿ?

ನಿಮಗೆ ಬಹಳ ಇಷ್ಟವಾದ ಪುಸ್ತಕ ಯಾವುದು ಅಂತ ಕೇಳುತ್ತಿಲ್ಲ. ಅದನ್ನು ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು. ಕರ್ವಾಲೊ, ಪರ್ವ, ಮೂಕಜ್ಜಿಯ ಕನಸುಗಳು, ಮಲೆಗಳಲ್ಲಿ ಮದುಮಗಳು. ದೊಡ್ಡ ಪುಸ್ತಕಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಲ್ಲಿ ಜಾಸ್ತಿ ಜನ ಅವನ್ನು ಓದಿದ್ದು ಊರಿನಲ್ಲಿದ್ದಾಗ, ಕಾಲೇಜಿನ ದಿನಗಳಲ್ಲಿ. ಈ ವಾರ, ಮಕ್ಕಳು ಮಲಗಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ, ಇಲ್ಲವೇ ಮಧ್ಯಾಹ್ನ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ನೀವು ಯಾವ ಪುಟ ತಿರುವುತ್ತಿದ್ದೀರಿ ಅನ್ನುವುದು ನನಗೆ ಬೇಕಾದ ಉತ್ತರ.

ದೀಪಾವಳಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತವರನ್ನೆಲ್ಲ ಸುಮ್ನೆ ಇದೇ ಮಾತು ಕೇಳುತ್ತಾ ಹೋದೆ. ಬಂದ ಉತ್ತರಗಳನ್ನು ನಿಮಗೂ ಹೇಳಲೇಬೇಕು.

ತಿಪಟೂರು ಕಡೆಯವರೊಬ್ಬರು ಗೃಹಭಂಗವನ್ನು ಮತ್ತೆ ಹಿಡಿದಿದ್ದಾರೆ. 2025ರ ಸೆಪ್ಟೆಂಬರ್ 24ರಂದು ಅದನ್ನು ಬರೆದ ಭೈರಪ್ಪನವರು ತೀರಿಕೊಂಡ ಸುದ್ದಿ ಬಂದ ರಾತ್ರಿ ಕಪಾಟಿನಿಂದ ತೆಗೆದದ್ದಂತೆ. ಮೊದಲ ಸಲ ಓದಿದಾಗ ಅವರಿಗೆ ಪ್ಲೇಗಿನ ಭಾಗ ಮಾತ್ರ ಮನಸ್ಸಿನಲ್ಲಿ ಉಳಿದಿತ್ತು, ಮನೆಯಲ್ಲಿ ಒಂದರ ಹಿಂದೆ ಒಂದು ಸಾವು ಬರುತ್ತದಲ್ಲ, ಅದು. ಈ ಸಲ ಕಣ್ಣಿಗೆ ಬಿದ್ದದ್ದು ನಂಜಮ್ಮ ಲೆಕ್ಕ ಬರೆಯುವುದು. ಶ್ಯಾನುಭೋಗಿಕೆ ಗಂಡನ ಹೆಸರಿನಲ್ಲಿದೆ, ಕೂತು ಲೆಕ್ಕದ ಪುಸ್ತಕ ಬರೆಯುವವಳು ಅವಳು. 'ನಮ್ಮಜ್ಜಿನೂ ಹೀಗೇ ಇದ್ರು, ನನಗೆ ಅದು ಈಗ ಹೊಳೀತಾ ಇದೆ' ಅಂದರು. ಅವರ ಹಿಂದೆ ತಟ್ಟೆ ಹಿಡಿದು ನಿಂತಿದ್ದವರು ಆ ಪುಸ್ತಕವನ್ನು ಅಲ್ಲೇ ಕೇಳಿದರು.

ಇನ್ನೊಬ್ಬರು ಹಾರ್ಟ್ ಲ್ಯಾಂಪ್ ಓದುತ್ತಿದ್ದರು. ಅದು 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೇಲೆ ನಮ್ಮಲ್ಲಿ ತುಂಬಾ ಜನ ಕೊಂಡಿದ್ದಾರೆ. ಅವರು ಕೇಳಿದ್ದು, ಇದರ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ ಅಂತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾನು ಮುಷ್ತಾಕ್ ಅವರು 1990ರಿಂದ 2023ರವರೆಗೆ ಬರೆದ ಕತೆಗಳಿಂದ 12ನ್ನು ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಅಂದರೆ ಆ ಕತೆಗಳು ಕನ್ನಡದಲ್ಲಿ ಬೇರೆ ಬೇರೆ ಸಂಕಲನಗಳಲ್ಲಿ ಬಂದಂಥವು. ಗಿರೀಶ್ ಕಾಸರವಳ್ಳಿಯವರ ಹಸೀನಾ ಸಿನಿಮಾ ನೋಡಿದವರು ಈ ಲೇಖಕಿಯನ್ನು ಗೊತ್ತಿಲ್ಲದೆಯೇ ಭೇಟಿಯಾಗಿದ್ದೀರಿ, ಅದು ಅವರ ಕರಿನಾಗರಗಳು ಕತೆಯಿಂದ ಬಂದದ್ದು. ಊಟದ ಸಾಲಿನಲ್ಲಿ ಸಿಕ್ಕ ಆಕೆ ಓದಿ ಮುಗಿಸಿದ್ದು ಎದೆಯ ಹಣತೆ ಕತೆ, ಇಂಗ್ಲಿಷ್ ಪುಸ್ತಕಕ್ಕೆ ಹೆಸರು ಕೊಟ್ಟದ್ದು ಅದೇ. ಮೆಹರುನ್ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡು ನಿಂತಿದ್ದಾಳೆ, ದೊಡ್ಡ ಮಗಳು ಓಡಿ ಬಂದು ತಡೆಯುತ್ತಾಳೆ. ಅದನ್ನು ಓದಿದ ರಾತ್ರಿ ಬೇರೇನೂ ಓದಲಾಗಲಿಲ್ಲ ಅಂದರು. ನಿಮ್ಮಲ್ಲಿ ಯಾರ ಹತ್ತಿರವಾದರೂ ಬಾನು ಅವರ ಕನ್ನಡ ಸಂಕಲನ ಇದ್ದರೆ ತಿಳಿಸಿ, ಆಕೆ ಕಾಯುತ್ತಿದ್ದಾರೆ.

ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ವಿವೇಕ ಶಾನಭಾಗರ ಘಾಚರ್ ಘೋಚರ್ ಅನ್ನು ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದಲ್ಲಿ ಓದಿದ್ದಾಳೆ. ಹಳೇ ಮನೆಯಲ್ಲಿ ಇರುವೆಗಳ ಜೊತೆ ಮನೆಯವರೆಲ್ಲ ಗುದ್ದಾಡುವ ಪುಟಗಳು ಅವಳಿಗೆ ಎಷ್ಟು ಹಿಡಿಸಿದವೆಂದರೆ, ಕನ್ನಡ ಪುಸ್ತಕ ತರಿಸಿಕೊಂಡು ಆ ಭಾಗವನ್ನು ಅಮ್ಮನ ಕೈಲಿ ಜೋರಾಗಿ ಓದಿಸಿದಳಂತೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಪೂರ್ತಿ ಅರ್ಥವಾಗುತ್ತದೆ. ಇದನ್ನು ಕನ್ನಡ ಓದು ಅಂತ ಕರೆಯಬೇಕೋ ಬೇಡವೋ ಅಂತ ಪಕ್ಕದಲ್ಲಿದ್ದವರು ವಾದಕ್ಕಿಳಿದರು. ನನ್ನ ಮಟ್ಟಿಗೆ ಅದರಲ್ಲಿ ವಾದವೇ ಇಲ್ಲ, ಅದು ಕನ್ನಡದ ಓದೇ. ಸಂಸ್ಕಾರ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ಕೊಟ್ಟ ಎ. ಕೆ. ರಾಮಾನುಜನ್ ಮೈಸೂರಿನಿಂದ ಇಲ್ಲಿಗೆ ಬಂದವರು, ಶಿಕಾಗೋದಲ್ಲಿ ಪಾಠ ಹೇಳುತ್ತಿದ್ದವರು. ನಮ್ಮ ಮಕ್ಕಳು ಆ ಬಾಗಿಲಿನಿಂದ ಒಳಗೆ ಬಂದರೆ ಬರಲಿ, ಯಾಕೆ ತಡೆಯಬೇಕು?

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟವರು ಮಗನ ಮನೆಗೆ ಬಂದಿರುವ, ಹಾವೇರಿ ಕಡೆಯ ಹಿರಿಯರೊಬ್ಬರು. ಸೊಸೆ ಕೊಟ್ಟ ಟ್ಯಾಬ್ಲೆಟ್ಟಿನಲ್ಲಿ ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಗಳಗನಾಥರ ಮಾಧವ ಕರುಣಾವಿಲಾಸ ಓದುತ್ತಿದ್ದಾರೆ, ವಿಜಯನಗರ ಕಟ್ಟಿದ ಕತೆ. ಸ್ಕ್ಯಾನ್ ಮಸುಕಾಗಿದೆ, ಕೆಲವು ಪುಟಗಳಲ್ಲಿ ಅಕ್ಷರ ಒಂದಕ್ಕೊಂದು ಅಂಟಿಕೊಂಡಿವೆ, ಆದರೂ ಬೆರಳಿನಿಂದ ದೊಡ್ಡದು ಮಾಡಿಕೊಂಡು ಸಾಲು ಸಾಲಾಗಿ ಓದುತ್ತಾರೆ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅನ್ನುವುದನ್ನು ನನಗೆ ಹೇಳಿದ್ದೂ ಅವರೇ. 'ಅವ್ರು ಹೊತ್ಕೊಂಡ್ ಬಂದಿದ್ದಕ್ಕ ನಮ್ಮೂರಾಗ ಓದೋ ಮಂದಿ ಹುಟ್ಟಿದ್ರು ನೋಡ್ರಿ' ಅಂದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ನಾವೂ ಪುಸ್ತಕ ಹೊತ್ತುಕೊಂಡೇ ಬರುತ್ತೇವೆ. ಊರಿಗೆ ಹೋದಾಗ ಗಾಂಧಿಬಜಾರಿನ ಅಂಕಿತಕ್ಕೋ ಸಪ್ನಾಕ್ಕೋ ಹೋಗಿ ಕೊಳ್ಳುತ್ತೇವೆ, ಆಮೇಲೆ ವಿಮಾನದ 23 ಕೆಜಿ ಲೆಕ್ಕದಲ್ಲಿ ಚಟ್ನಿಪುಡಿ ತೆಗೆದು ಪುಸ್ತಕ ಇಡುತ್ತೇವೆ, ಮತ್ತೆ ಪುಸ್ತಕ ತೆಗೆದು ಚಟ್ನಿಪುಡಿ ಇಡುತ್ತೇವೆ. ಅಷ್ಟು ಕಷ್ಟಪಟ್ಟು ತಂದದ್ದು ಒಬ್ಬರೇ ಓದಿ ಬೇಸ್ಮೆಂಟಿನ ಪೆಟ್ಟಿಗೆ ಸೇರುತ್ತದೆ. ಎರಡು ರಸ್ತೆ ಆಚೆ ಇನ್ನೊಬ್ಬರು ಅದೇ ಪುಸ್ತಕಕ್ಕಾಗಿ ಊರಿನ ತಮ್ಮನಿಗೆ ಫೋನ್ ಮಾಡುತ್ತಿರುತ್ತಾರೆ. ಪುಸ್ತಕ ಇಲ್ಲ ಅನ್ನುವ ಕಷ್ಟಕ್ಕಿಂತ ಯಾರ ಮನೆಯಲ್ಲಿ ಏನಿದೆ ಅಂತ ಗೊತ್ತಿಲ್ಲದ ಕಷ್ಟವೇ ನಮಗೆ ದೊಡ್ಡದು.

ಫೋನಿನಲ್ಲಿ ಓದುವವರಿಗೆ ಈಗ ಪರವಾಗಿಲ್ಲ. 2016ರಲ್ಲಿ ಅಮೆಜಾನಿನ ಇ-ಪುಸ್ತಕ ಸೇವೆ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳು ಬಂದಾಗ ಕನ್ನಡ ಅದರಲ್ಲಿ ಇರಲಿಲ್ಲ. ಆ ಜಾಗವನ್ನು ನಮ್ಮವರೇ ತುಂಬಬೇಕಾಯಿತು. ಮೈಲ್ಯಾಂಗ್ ಆ್ಯಪ್‌ನಲ್ಲಿ ಇ-ಪುಸ್ತಕ, ಕೇಳುವ ಪುಸ್ತಕ ಎರಡೂ ಸಿಗುತ್ತವೆ. ರಾತ್ರಿ ಪಾಳಿಗೆ ಹೋಗುವ ನರ್ಸ್ ಒಬ್ಬರು ಹೋಗುವಾಗ ಒಂದು ಅಧ್ಯಾಯ, ಬರುವಾಗ ಒಂದು ಅಧ್ಯಾಯ ಕೇಳುತ್ತಾರಂತೆ. ಚಿಕ್ಕ ಮಕ್ಕಳಿರುವವರು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ನೋಡಿ, ಕನ್ನಡದ ಚಿತ್ರಪುಸ್ತಕಗಳು ಅಲ್ಲಿ ಉಚಿತ.

ಕಾಗದದ ಪುಸ್ತಕಕ್ಕೆ ನಾವೇ ಏನಾದರೂ ಮಾಡಬೇಕು. ಮುಂದಿನ ಸಂಚಿಕೆಯಿಂದ ಒಂದು ಪುಟ ಇದಕ್ಕೇ ಮೀಸಲು. ನಾಲ್ಕು ಸಾಲು ಬರೆದು ಕಳಿಸಿ: ಪುಸ್ತಕದ ಹೆಸರು, ಬರೆದವರು, ಎಲ್ಲಿಯವರೆಗೆ ಬಂದಿದ್ದೀರಿ, ಮುಗಿದ ಮೇಲೆ ಬೇರೆಯವರಿಗೆ ಕೊಡುತ್ತೀರೋ ಇಲ್ಲವೋ. ವಿಮರ್ಶೆ ಬೇಡ. ಅರ್ಧಕ್ಕೆ ಬಿಟ್ಟಿದ್ದರೆ ಅದನ್ನೂ ಬರೆಯಿರಿ, ಯಾಕೆ ಬಿಟ್ಟಿರಿ ಅಂತ ಒಂದು ಸಾಲು ಇದ್ದರೆ ಇನ್ನೂ ಒಳ್ಳೆಯದು. ಪತ್ತೇದಾರಿ ಆದರೂ ಸರಿ, ಅಡುಗೆ ಪುಸ್ತಕ ಆದರೂ ಸರಿ. ಬೇರೆ ಊರಿನ ಸದಸ್ಯರಿಗೆ ಕಳಿಸಬೇಕಾದರೆ ಅಂಚೆ ಕಚೇರಿಯಲ್ಲಿ ಮೀಡಿಯಾ ಮೇಲ್ ಅಂತ ಕೇಳಿ. ನಿಧಾನ, ಆದರೆ ಪುಸ್ತಕಕ್ಕೆ ಅದೇ ಅಗ್ಗ. ಅದರೊಳಗೆ ಬೇರೆ ಸಾಮಾನು ಹಾಕುವಂತಿಲ್ಲ, ನೆನಪಿರಲಿ. ನಿಮ್ಮ ಊರಿನ ಪಬ್ಲಿಕ್ ಲೈಬ್ರರಿಯಲ್ಲೂ ಕನ್ನಡ ಪುಸ್ತಕ ಬೇಕು ಅಂತ ಅರ್ಜಿ ಹಾಕಿ. ಒಬ್ಬರು ಕೇಳಿದರೆ ಅದು ಒಬ್ಬರ ಆಸೆ, ಹತ್ತು ಮನೆಯವರು ಕೇಳಿದರೆ ಅವರು ಯೋಚನೆ ಮಾಡಲೇಬೇಕಾಗುತ್ತದೆ, ಅಲ್ವಾ? ಜೊತೆಗೆ, ಕೂಟದ ಬಜೆಟ್ಟಿನಲ್ಲಿ ಪ್ರತಿ ವರ್ಷ ಪುಸ್ತಕಕ್ಕೆ ಅಂತ ಒಂದಿಷ್ಟು ಹಣ ತೆಗೆದಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಸಮಿತಿಯ ಮುಂದೆ ಇಡುತ್ತೇನೆ, ನಿಮ್ಮ ಬೆಂಬಲ ಬೇಕು.

ಯುಗಾದಿ ಕಾರ್ಯಕ್ರಮದಲ್ಲಿ ರಿಜಿಸ್ಟ್ರೇಷನ್ ಪಕ್ಕ ಒಂದು ಮೇಜು ಹಾಕುತ್ತೇವೆ. ಓದಿ ಮುಗಿಸಿದ್ದನ್ನು ತನ್ನಿ, ಹೆಸರು ಬರೆದಿಟ್ಟು ಬೇಕಾದದ್ದನ್ನು ಒಯ್ಯಿರಿ. ನಾನು ಈಗ ಓದುತ್ತಿರುವುದು ವಸುಧೇಂದ್ರರ ತೇಜೋ ತುಂಗಭದ್ರಾ. ಲಿಸ್ಬನ್ನಿನ ಹಡಗು ಗೋವಾ ಮುಟ್ಟಿದೆ, ಇನ್ನೂ ಸುಮಾರು ಪುಟ ಬಾಕಿ ಇದೆ, ಯುಗಾದಿಯೊಳಗೆ ಮುಗಿಸುತ್ತೇನೆ. ಬೇಕಾದವರು ಈಗಲೇ ಹೇಳಿಡಿ.