ವಿಶ್ರಾಂತಿ ಎಂಬ ನೆಪ

ಟಿಳಕವಾಡಿ, ಬೆಳಗಾವಿ

ಚಿರಂಜೀವಿ ಮಹಾಂತೇಶನಿಗೆ ಸೋದರಮಾವನ ಆಶೀರ್ವಾದಗಳು.

ಹಾಕಿ ತಂಡದ ಮ್ಯಾನೇಜರ್ ಆಗಿದ್ದೀಯೆ ಎಂದು ನಿನ್ನ ತಾಯಿ ಫೋನಿನಲ್ಲಿ ಹೇಳಿದಾಗ ಹಿಗ್ಗಿದ್ದೆ. ಆಮೇಲೆ ಲೇಲೆ ಮೈದಾನದಲ್ಲಿ ಹುಡುಗರು ಆಡಿಕೊಳ್ಳುವುದು ಕಿವಿಗೆ ಬಿತ್ತು. ಇಷ್ಟು ವರ್ಷ ಸೆಂಟರ್ ಹಾಫ್ ಆಗಿ ಮೈದಾನದ ನಡುವೆ ಆಡಿದವನನ್ನು ಕೈಬಿಟ್ಟೆಯಂತೆ. ವಾಟ್ಸ್ಆ್ಯಪ್‌ನಲ್ಲಿ ಪಟ್ಟಿ ಬಂದ ಮೇಲೆಯೇ ಅವನಿಗೆ ಗೊತ್ತಾಯಿತಂತೆ. ಕೇಳಿದ್ದಕ್ಕೆ ‘ವಿಶ್ರಾಂತಿ ಕೊಟ್ಟಿದ್ದೇವೆ’ ಎಂದೆಯಂತೆ.

ಈ ವಿಶ್ರಾಂತಿಯ ಮಾತು ಹಳೆಯದು ಅಳಿಯಾ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ 32 ವರ್ಷಗಳ ನಂತರ ಹಾಕಿ ಚಿನ್ನ ಗೆದ್ದಿತು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದವರು ನಮ್ಮ ಕರ್ನಾಟಕದ ಆಶಿಶ್ ಬಲ್ಲಾಳ್. ನಾಯಕ ಧನರಾಜ್ ಪಿಳ್ಳೈ. ಪದಕದ ಹೊಳಪು ಮಾಸುವ ಮೊದಲೇ ಆ ಇಬ್ಬರನ್ನೂ ಇನ್ನೂ ಕೆಲವು ಹಿರಿಯರನ್ನೂ ತಂಡದಿಂದ ಹೊರಗಿಟ್ಟರು. ಆಗಲೂ ಹೇಳಿದ್ದು ವಿಶ್ರಾಂತಿ ಎಂದೇ. ಆಟಗಾರರು ಹಣ, ಸೌಲಭ್ಯದ ಬಗ್ಗೆ ಬಾಯಿ ತೆರೆದಿದ್ದರು ಎಂಬುದು ಎಲ್ಲರಿಗೂ ತಿಳಿದಿತ್ತು. ಅದೇ ಧನರಾಜ್ ಮುಂದೆ ಸಿಡ್ನಿಯಲ್ಲೂ ಅಥೆನ್ಸ್‌ನಲ್ಲೂ ಆಡಿದರು. ದಣಿದವರ ಲಕ್ಷಣವೇ ಅದು?

ಹಾಗೆ ನಡೆಸಿದ ಆಡಳಿತದ ಕಾಲದಲ್ಲೇ 2008ರಲ್ಲಿ ಭಾರತ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 1928ರಿಂದ ಅಂಥದ್ದು ಆಗಿರಲಿಲ್ಲ. ಅದಕ್ಕೆ ಕಾರಣ ಹಲವು, ಎಲ್ಲವನ್ನೂ ಇದೊಂದಕ್ಕೇ ಕಟ್ಟುವುದಿಲ್ಲ. ಆದರೆ 2010ರಲ್ಲಿ, ದೆಹಲಿಯ ವಿಶ್ವಕಪ್ ಹೊಸ್ತಿಲಲ್ಲಿರುವಾಗ, ಬಾಕಿ ಹಣಕ್ಕಾಗಿ ಆಟಗಾರರು ಪುಣೆಯ ಶಿಬಿರದಲ್ಲಿ ಅಭ್ಯಾಸವನ್ನೇ ನಿಲ್ಲಿಸಿದ್ದು ನಿನಗೆ ನೆನಪಿರಬೇಕು. ನಂಬಿಕೆ ಮುರಿದ ತಂಡ ಕೊನೆಗೆ ಬೀದಿಯಲ್ಲೇ ಮಾತಾಡುತ್ತದೆ.

ಕೈಬಿಡಬೇಡ ಎನ್ನುತ್ತಿಲ್ಲ. ಹದಿನೆಂಟರ ಪಟ್ಟಿಯಲ್ಲಿ ಇಪ್ಪತ್ತೈದು ಜನ ಹಿಡಿಸುವುದಿಲ್ಲ. ಈಗ ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಬಹುದು. ಹದಿನೈದು ನಿಮಿಷದ ಕ್ವಾರ್ಟರ್‌ನಲ್ಲಿ ಫಾರ್ವರ್ಡ್‌ಗಳು ಜೀವ ಬಿಟ್ಟು ಓಡಿ ಕೂರುತ್ತಾರೆ. ಅಂಥ ಆಟಕ್ಕೆ ಅವನ ಕಾಲು ಸಾಲದು ಎಂದು ನಿನಗೆ ಅನ್ನಿಸಿದ್ದರೆ ಅದು ನಿನ್ನ ತೀರ್ಪು, ನಾನು ಅಡ್ಡ ಬರುವುದಿಲ್ಲ. ಅದನ್ನು ಅವನ ಎದುರು ನಿಂತು ಹೇಳು. ಯಾವುದು ಕಡಿಮೆ ಬಿತ್ತು, ಹಿಂದಿರುಗಲು ದಾರಿ ಇದೆಯೇ ಇಲ್ಲವೇ, ಅದೂ ಸ್ಪಷ್ಟವಾಗಲಿ. ದಾರಿ ಇಲ್ಲದಿದ್ದರೆ ಇಲ್ಲವೆನ್ನು. ಅವನು ಸಿಟ್ಟಾದರೆ ಆಗಲಿ, ಕೇಳಿಸಿಕೊಳ್ಳುವುದೂ ಮ್ಯಾನೇಜರ್ ಕೆಲಸವೇ.

ಎರಡನೇ ಗೋಲ್‌ಕೀಪರ್‌ನ ವಿಷಯವೂ ಕೇಳಿದೆ. ಎಲ್ಲ ಊರಿಗೂ ಅಷ್ಟು ಭಾರದ ಪ್ಯಾಡ್ ಹೊತ್ತು ಬರುತ್ತಾನೆ, ನೀನು ಒಂದು ಕ್ವಾರ್ಟರ್ ಕೂಡ ಅವನನ್ನು ಆಡಿಸುವುದಿಲ್ಲ. ಗೆದ್ದೇ ಬಿಟ್ಟ ಪಂದ್ಯದ ಕೊನೆಯಲ್ಲಾದರೂ ಅವನನ್ನು ಇಳಿಸಲು ನಿನಗೇನು ಕಷ್ಟ? ತೊಡೆಯ ಸ್ನಾಯು ಎಳೆದುಕೊಂಡ ಆ ಡ್ರ್ಯಾಗ್ ಫ್ಲಿಕ್ಕರ್‌ನನ್ನು, ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಕೋಲಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವವನನ್ನು, ಮಾತ್ರ ಗೋಲಿನ ಆಸೆಗೆ ಬಿದ್ದು ಇಳಿಸಬೇಡ. ವೈದ್ಯರು ಒಪ್ಪಿಗೆ ಕೊಡುವವರೆಗೆ ಬೆಂಚಿನಲ್ಲೂ ಬೇಡ. ಬೆಂಚಿನಲ್ಲಿದ್ದರೆ ನಿನ್ನ ಕೈ ಸುಮ್ಮನಿರುವುದಿಲ್ಲ, ನನಗೆ ಗೊತ್ತು.

ಮುಂದಿನ ಪಂದ್ಯಕ್ಕೆ ಮೊದಲು ಆ ಸೆಂಟರ್ ಹಾಫ್‌ನ ಮನೆಗೆ ಹೋಗಿ ಬಾ. ಫೋನು ಮಾಡಿ ಮುಗಿಸಬೇಡ. ಅವನಿಗೆ ಬರಬೇಕಾದ ಪ್ರಯಾಣ ಭತ್ಯೆ ಇನ್ನೂ ಬಾಕಿ ಇದೆಯಂತೆ, ಅದನ್ನೂ ಜೊತೆಗೆ ಒಯ್ಯಿ.

ನಿನ್ನ ಸೋದರಮಾವ