ಸೂತ್ರಕ್ಕಿಂತ ಮೊದಲು ನಕ್ಷೆ ಓದಿಸಿ

ಮಾನ್ಯ ಸಂಪಾದಕರೇ,

ತುಮಕೂರಿನಲ್ಲಿ ಗಣಿತ ಶಿಕ್ಷಕನಾಗಿದ್ದು ನಿವೃತ್ತನಾದ ನಾನು ಈಗ ಸಂಜೆ ಹೊತ್ತು ಪಿಯು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೇನೆ. ಅನುಕಲನದ (ಇಂಟಿಗ್ರೇಶನ್) ಸೂತ್ರಗಳನ್ನು ತಡವರಿಸದೆ ಒಪ್ಪಿಸುವ ಮಕ್ಕಳೇ, ಸಮೀಕರಣವಿಲ್ಲದ ಒಂದು ವೇಗ-ಕಾಲ ನಕ್ಷೆಯನ್ನು (ಗ್ರಾಫ್) ಮುಂದಿಟ್ಟು ಕ್ರಮಿಸಿದ ದೂರವೆಷ್ಟೆಂದು ಕೇಳಿದರೆ ಪೆನ್ನು ಕೆಳಗಿಡುತ್ತಾರೆ. ನಕ್ಷೆಯ ಕೆಳಗಿನ ವಿಸ್ತೀರ್ಣವೇ ದೂರ ಎಂಬುದನ್ನು ಅವರು ಒಂಬತ್ತನೇ ತರಗತಿಯಲ್ಲೇ ಓದಿರುತ್ತಾರೆ. ಆದರೆ ಅಲ್ಲಿ ಸಿಗುವುದು ಆಯತ, ತ್ರಿಭುಜಗಳಂಥ ಸರಳ ಆಕೃತಿಗಳು. ನಿಜವಾದ ವಾಹನದ ನಕ್ಷೆ ಬಾಗಿರುತ್ತದೆ.

ಇತ್ತೀಚೆಗೆ ಬೆಂಗಳೂರಿಗೆ ಹೊರಟ ರೈಲಿನಲ್ಲಿ ನಾಲ್ವರು ವಿದ್ಯಾರ್ಥಿಗಳಿಗೆ ಮೊಬೈಲ್‌ನಲ್ಲಿ ವೇಗ ನೋಡಿ ಬರೆದುಕೊಳ್ಳಲು ಹೇಳಿದೆ. ರೈಲು ತುಮಕೂರು ನಿಲ್ದಾಣ ಬಿಟ್ಟ ಮೊದಲ 60 ಸೆಕೆಂಡುಗಳನ್ನು 20 ಸೆಕೆಂಡುಗಳ ಮೂರು ಅವಧಿಗಳಾಗಿ ವಿಂಗಡಿಸಿದೆವು. 0, 20, 40, 60ನೇ ಸೆಕೆಂಡುಗಳಲ್ಲಿ ವೇಗ ಸೆಕೆಂಡಿಗೆ ಸುಮಾರು 0, 7, 11, 13 ಮೀಟರ್ ಇತ್ತು. ಪ್ರತಿ ಅವಧಿಯ ಆರಂಭದ ವೇಗವನ್ನೇ ಹಿಡಿದರೆ ದೂರ 360 ಮೀಟರ್, ಕೊನೆಯ ವೇಗ ಹಿಡಿದರೆ 620 ಮೀಟರ್. ಇಷ್ಟು ಅಂತರ ಕಂಡು ಮಕ್ಕಳು ಗಲಿಬಿಲಿಗೊಂಡರು. ಆಗ ಅವಧಿಗಳ ನಟ್ಟನಡುವಿನ 10, 30, 50ನೇ ಸೆಕೆಂಡುಗಳ ವೇಗವಾದ 4, 9, 12ನ್ನು ಕೂಡಿ 20ರಿಂದ ಗುಣಿಸಲು ಹೇಳಿದೆ. 500 ಮೀಟರ್ ಬಂತು. ಏರುವ ರೇಖೆಯಲ್ಲಿ ನಡುವಿನ ವೇಗದಷ್ಟು ಎತ್ತರದ ಆಯತವು ಅವಧಿಯ ಮೊದಲರ್ಧದಲ್ಲಿ ಹೆಚ್ಚಾಗಿ ಸೇರಿಸಿಕೊಂಡದ್ದನ್ನು ಎರಡನೆಯ ಅರ್ಧದಲ್ಲಿ ಬಿಟ್ಟುಕೊಡುವುದರಿಂದ ತಪ್ಪು ಬಹುಪಾಲು ತಾನಾಗಿಯೇ ವಜಾ ಆಗುತ್ತದೆ. ಮೊದಲಿನ ಎರಡು ಅಂದಾಜುಗಳ ಸರಾಸರಿ 490. ವೇಗ ಏರುತ್ತಿದ್ದರೂ ಏರಿಕೆ ನಿಧಾನವಾಗುತ್ತಾ ಬಂದಿದ್ದರಿಂದ ರೇಖೆ ಮೇಲ್ಮುಖವಾಗಿ ಉಬ್ಬಿತ್ತು; ಅಂಥ ರೇಖೆಗೆ ನಟ್ಟನಡುವಿನ ವೇಗದಿಂದ ಬಂದ ಮೊತ್ತ ನಿಜಕ್ಕಿಂತ ತುಸು ಹೆಚ್ಚು, ಸರಾಸರಿ ತುಸು ಕಡಿಮೆ. ಹಾಗಾಗಿ ದೂರ ಈ ಎರಡರ ನಡುವೆಯೇ ಇರಬೇಕೆಂದು ಒಬ್ಬ ಹುಡುಗಿ ತಾನೇ ಕಂಡುಕೊಂಡಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಪಠ್ಯದ ಹೊರೆ ಇಳಿಸುವಾಗ, ರಾಷ್ಟ್ರಮಟ್ಟದಲ್ಲಿ ಶಾಲಾ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿಯು ಹನ್ನೆರಡನೇ ತರಗತಿಯ ಗಣಿತದಿಂದ, ನಿಶ್ಚಿತ ಅನುಕಲವನ್ನು (ಎರಡು ಬಿಂದುಗಳ ನಡುವಿನ ಅನುಕಲ) ಮೊತ್ತದ ಮಿತಿಯಾಗಿ, ಅಂದರೆ ಪಟ್ಟಿಗಳನ್ನು ಕಿರಿದಾಗಿಸುತ್ತಾ ಹೋದಂತೆ ಅವುಗಳ ಮೊತ್ತ ಸಮೀಪಿಸುವ ಬೆಲೆಯಾಗಿ, ವಿವರಿಸುವ ಭಾಗವನ್ನು ಕೈಬಿಟ್ಟಿದೆ. ಆ ಲೆಕ್ಕಗಳು ಉದ್ದವಾಗಿದ್ದವು ಎಂಬುದು ನಿಜ. ಆದರೆ ಅನುಕಲವೆಂದರೆ ಸಣ್ಣ ಸಣ್ಣ ಪಟ್ಟಿಗಳನ್ನು ಕೂಡುವುದು ಎಂಬ ಮೂಲ ಅರ್ಥ ಇದ್ದದ್ದೇ ಅಲ್ಲಿ.

ಆದ್ದರಿಂದ ಪದವಿಪೂರ್ವ ಶಿಕ್ಷಣ ಇಲಾಖೆಯು ಗ್ರಾಫ್ ಹಾಳೆ ಮತ್ತು ಅಳತೆಪಟ್ಟಿಯಷ್ಟೇ ಬೇಕಾಗುವ ಇಂಥ ಒಂದು ಚಟುವಟಿಕೆಯನ್ನು, ಅನುಕಲನದ ಪಾಠ ಆರಂಭವಾಗುವ ಮೊದಲೇ ಎಲ್ಲ ಕಾಲೇಜುಗಳಲ್ಲಿ ಮಾಡಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಗಣಿತ ಶಿಕ್ಷಕ, ತುಮಕೂರು